ಹೊರೆ ಇಳಿಸುವ ಕಲ್ಲು

ಯುದ್ಧ ಮುಗಿದ ಮರುವರ್ಷದ ಮಾತು. ಕುಂದಾಪುರದ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ಟರಾಗಿದ್ದೆ. ವಯಸ್ಸು ಇಪ್ಪತ್ತೈದು. ಹುಟ್ಟಿದ ಊರು ಶಂಕರನಾರಾಯಣ. ಮನೆಯವರೆಲ್ಲ ದೇವಸ್ಥಾನವನ್ನು ನಂಬಿ ಬದುಕಿದವರು. ಚಿತ್ರ ಬರೆಯುವುದೂ ಒಂದು ಉದ್ಯೋಗ ಎಂದು ಅವರನ್ನು ನಂಬಿಸುವುದರಲ್ಲಿ ನಾನು ಸೋತಿದ್ದೆ.

ನನ್ನ ಬಾಡಿಗೆ ಕೋಣೆ ಹೊಳೆಯ ಕಡೆಗಿತ್ತು. ಚಳಿಗಾಲದ ಬೆಳಿಗ್ಗೆ ಕಿಟಕಿ ತೆರೆದರೆ ಹೊಳೆಯೇ ಇರುತ್ತಿರಲಿಲ್ಲ. ಬರೀ ಮಂಜು. ಆ ಮಂಜಿನೊಳಗೆ ಆಚೆ ದಡದ ಕೋಡಿಯಿಂದ ಬರುವ ದೋಣಿಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಕೆಳಗೆ ನೀರು ಕಾಣದ್ದರಿಂದ ಅವು ಗಾಳಿಯಲ್ಲೇ ಬರುತ್ತಿವೆ ಅನ್ನಿಸುತ್ತಿತ್ತು. ಮೊದಲು ತಲೆಯ ಮೇಲಿನ ಬುಟ್ಟಿಗಳು, ಆಮೇಲೆ ಬುಟ್ಟಿಯ ಕೆಳಗಿನ ಹೆಂಗಸರು. ಕಡವಿನಲ್ಲಿ ಇಳಿದು ಅವರು ಏರು ಹತ್ತಿ ಪೇಟೆಗೆ ಹೋಗುವುದನ್ನು ನಾನು ಹಲ್ಲುಜ್ಜುತ್ತಾ ನೋಡುತ್ತಿದ್ದೆ. ಅವರಲ್ಲಿ ಒಬ್ಬಳ ಮುಖವೂ ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಊರಿನ ಹಿರಿಯ ವಕೀಲರೊಬ್ಬರು ಹೇಳಿಕಳಿಸಿದರು. ಹೋದಾಗ ಮೇಜಿನ ಮೇಲೆ ವಿಲಾಯತಿ ವಾರಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಇತ್ತು. ಎತ್ತರದ ಕಂಬ, ಕಂಬದ ಮುಂದೆ ತಲೆಕೆಳಗಾಗಿ ನಿಲ್ಲಿಸಿದ ಕೋವಿ, ಅದರ ಮೇಲೊಂದು ಲೋಹದ ಟೊಪ್ಪಿ, ಸುತ್ತ ಸರಪಳಿ.

"ಕಾಣಿ ಮಾಷ್ಟ್ರೇ, ಇದೇ ನಮೂನೆದ್ ನಮ್ಗೂ ಒಂದ್ ಆಯ್ಕ್" ಅಂದರು ವಕೀಲರು. "ನಮ್ಮ ಬದಿಯವ್ರ್ ನಾಲ್ಕ್ ಜನ ಯುದ್ಧಕ್ಕೆ ಹೋಯಿ ಬರ್ಲಿಲ್ಲೆ. ಅವ್ರ್ ಹೆಸ್ರ್ ಕೆಳ್ಗೆ, ಮೇಲೆ ಒಂದ್ ಕಿರೀಟ. ನೀವ್ ಚಿತ್ರ ಬರ್ದ್ ಕೊಡಿ, ಬ್ರಹ್ಮಾವರದ ಕಲ್ಲಿನವ ಮಾಡ್ತ."

ಕಿರೀಟ ಎಂದ ಕೂಡಲೇ ನನಗೆ ಮನಸ್ಸು ಕಹಿಯಾಯಿತು. ನಲವತ್ತೆರಡರಲ್ಲಿ ಕಾಲೇಜು ಬಿಟ್ಟು ಬೀದಿಗಿಳಿದು, ಮೂರು ತಿಂಗಳು ಮನೆಗೆ ಮುಖ ತೋರಿಸದೆ ತಿರುಗಿದವನು ನಾನು. ಇಂಗ್ಲಿಷರ ಯುದ್ಧಕ್ಕೆ ನಾನ್ಯಾಕೆ ಕಂಬ ಬರೆಯಲಿ? ಆದರೆ ವಕೀಲರು ಶಾಲೆಯ ಆಡಳಿತದಲ್ಲಿದ್ದರು. ತಲೆ ಅಲ್ಲಾಡಿಸಿ ಬಂದೆ. ಎರಡು ದಿನದಲ್ಲಿ ಕಂಬ, ಕೋವಿ, ಕಿರೀಟ ಎಲ್ಲ ಕಾಗದದ ಮೇಲೆ ಬಂತು. ನೆರಳು ಕೂಡ ಚೆನ್ನಾಗಿಯೇ ಕೊಟ್ಟಿದ್ದೆ. ಉಳಿದದ್ದು ಹೆಸರುಗಳನ್ನು ಸರಿಯಾಗಿ ಬರೆದುಕೊಳ್ಳುವ ಕೆಲಸ. ಅದಕ್ಕಾಗಿ ಮನೆಮನೆಗೆ ಹೊರಟೆ.

ನಾಲ್ವರಲ್ಲಿ ಒಬ್ಬ ಆಸ್ಪತ್ರೆಯ ಆಳು. ಅವನ ಕಡೆಯವರೆಲ್ಲ ಬೊಂಬಾಯಿಗೆ ಹೋಗಿಬಿಟ್ಟಿದ್ದರು, ಪತ್ರದಲ್ಲೇ ಹೆಸರು ಬಂತು. ಮಿಕ್ಕ ಮೂವರಲ್ಲಿ ಮೊದಲನೆಯವನ ಮನೆ ಬೈಂದೂರಿನಲ್ಲಿ.

ಅವನ ತಂದೆ ಮದುವೆ ಮುಂಜಿಗಳಿಗೆ ಅಡುಗೆ ಮಾಡುವವರು. ನಾನು ಚಿತ್ರ ಬಿಡಿಸಿ ಜಗಲಿಯ ಮೇಲೆ ಹಾಸಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಇದೆಂತ ಮಾಷ್ಟ್ರೇ, ಕೋವಿಯಾ?"

"ಹೌದ್. ಸಿಪಾಯಿಗಳ್ ನೆನ್ಪಿಗೆ ಅಲ್ದಾ?"

"ನನ್ ಮಗ ಕೋವಿ ಹಿಡ್ದವ ಅಲ್ಲ. ಸಟ್ಟುಗ ಹಿಡ್ದವ. ಅವ್ನ್ ಹೆಸ್ರಿನ್ ಮೇಲ್ ಕೋವಿ ನಿಲ್ಸಿರೆ ನಾಳೆ ಊರಿನವ್ರ್, ಇವ ಯಾರನ್ನ ಕೊಂದ ಅಂದ್ಹೇಳಿ ಕೇಂತ್ರ್. ನಾನ್ ಎಂತ ಹೇಳ್ಲಿ?"

ಒಳಗಿನಿಂದ ಒಂದು ಪತ್ರ ತಂದು ನನ್ನ ಕೈಯಲ್ಲಿಟ್ಟರು. ಬರ್ಮಾದ ಗಡಿಯಿಂದ ಮಗ ಬರೆದದ್ದು. ಇಲ್ಲಿಯೂ ನಮ್ಮೂರಿನ ಹಾಗೆಯೇ ಮಳೆ, ಸೌದೆ ಒದ್ದೆ, ಬೆಂಕಿ ಹಿಡಿಯುವುದಿಲ್ಲ, ಆದರೂ ಮುನ್ನೂರು ಜನಕ್ಕೆ ಅನ್ನ ಮಾಡಿ ಹಾಕಿದೆ, ಯಾರೂ ಹಸಿದು ಮಲಗಲಿಲ್ಲ, ಎಂದಿತ್ತು. ನಾನು ಓದುವಾಗ ತಂದೆಯ ತುಟಿಗಳು ನನಗಿಂತ ಮುಂದೆ ಹೋಗುತ್ತಿದ್ದವು. ಅವರಿಗೆ ಅದು ಬಾಯಿಪಾಠವಾಗಿತ್ತು.

ಎರಡನೆಯವನು ಮಿಲಿಟರಿ ಲಾರಿಯ ಡ್ರೈವರ್. ಅವನ ಹೆಂಡತಿ ಸಾಸ್ತಾನದಲ್ಲಿ ತವರುಮನೆಯಲ್ಲಿದ್ದಳು. ಬಾಗಿಲ ಮರೆಯಲ್ಲೇ ನಿಂತು ಮಾತಾಡಿದಳು. ಹೆಸರು ಹೇಳಿ, ಸ್ವಲ್ಪ ತಡೆದು ಕೇಳಿದಳು: "ಅದನ್ನ ಮುಟ್ಲಕ್ಕಾ?"

"ಸುತ್ತ ಸರಪಳಿ ಇರತ್" ಅಂದೆ.

"ಹಾಂಗಾರೆ ನಾನ್ ಎಂತಕ್ಕೆ ಬಪ್ಪುದ್?"

ಇದ್ದಿಲು ಹೊಗೆಯ ಬಸ್ಸಿನಲ್ಲಿ ವಾಪಸು ಬರುವಾಗ ಚಿತ್ರವನ್ನು ಸುರುಳಿ ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದೆ. ಹೊರಗೆ ಗದ್ದೆಗಳು ಬಿಸಿಲಿನಲ್ಲಿ ತೂಗುತ್ತಿದ್ದವು.

ಮೂರನೆಯವನು ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ತಾಯಿ ಕೋಡಿಯವಳು, ದಿನಾ ಬೆಳಿಗ್ಗೆ ಮೀನು ಹೊತ್ತು ಪೇಟೆಗೆ ಬರುತ್ತಾಳೆ ಎಂದು ತಿಳಿಯಿತು. ಮರುದಿನ ಕಡವಿನ ಏರಿನ ನಡುವೆ ಹೋಗಿ ನಿಂತೆ. ಮಂಜು ಇನ್ನೂ ಕರಗಿರಲಿಲ್ಲ. ದೋಣಿಯವನು ತೋರಿಸಿದ ಹೆಂಗಸು ಏರು ಹತ್ತಿ ಬಂದಳು. ಗಿಡ್ಡ ದೇಹ, ನೆಟ್ಟಗಿನ ಬೆನ್ನು, ಅರ್ಧ ನರೆತ ಕೂದಲು.

"ಹ್ವಾಯ್, ದಾರಿ ಬಿಡಿ."

ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಆಕೆ ನಿಂತಳು.

"ನನ್ ಮಗ ಸತ್ತ ಅಂದ್ಹೇಳಿ ನಿಮ್ಗೆ ಯಾರ್ ಹೇಳ್ರ್?"

"ಕಂಪನಿ ಕಾಗ್ದ ಬಂದಿತ್ತಲ್ದಾ ಅಮ್ಮಾ?"

"ಬಂದಿತ್. ಅದ್ರಗೆ ಕಾಣ್ತಿಲ್ಲೆ ಅಂದ್ಹೇಳಿ ಬರ್ದಿದ್ರ್. ಪೋಸ್ಟಿನವ್ರೇ ಓದಿ ಹೇಳಿದ್. ಕಾಣ್ದಿದ್ದವ್ನನ್ನ ಹುಡ್ಕುದಾ, ಕಲ್ಲಿಗೆ ಹೆಸ್ರ್ ಬರೆಯೂದಾ?"

ನಾನು ಗೌರವ, ನೆನಪು, ಮುಂದಿನ ತಲೆಮಾರು ಎಂದು ಏನೇನೋ ಹೇಳತೊಡಗಿದೆ. ಆ ದಿನಗಳಲ್ಲಿ ನನಗೆ ಮಾತು ಬರುತ್ತಿತ್ತು. ಆಕೆ ಕಣ್ಣನ್ನಷ್ಟೇ ನನ್ನ ಕಡೆ ತಿರುಗಿಸಿ ಕೇಳುತ್ತಿದ್ದಳು. ಬುಟ್ಟಿಯ ನೀರು ಕಿವಿಯ ಹಿಂದಿನಿಂದ ಇಳಿದು ಹೆಗಲು ತೋಯಿಸಿತ್ತು. ನನ್ನ ಮಾತು ಇನ್ನೂ ಮುಗಿದಿರಲಿಲ್ಲ.

"ಮಾಷ್ಟ್ರೇ," ಅಂದಳು, "ಇನ್ನೂ ಹೇಳೂಕಿದ್ರೆ ಈ ಬುಟ್ಟಿಗೊಂದ್ ಕೈ ಕೊಡಿ. ಒಬ್ಳೇ ಇಳ್ಸೂಕ್ ಆತಿಲ್ಲೆ. ಕುತ್ಗಿ ಮುರೀತಾ ಇತ್ತ್."

ಅಷ್ಟು ಹೊತ್ತೂ ಆಕೆ ಆ ಭಾರವನ್ನು ಹೊತ್ತೇ ನಿಂತಿದ್ದಳು. ನಿಜ ಹೇಳಬೇಕು: ಕೈ ಚಾಚುವ ಮೊದಲು ನಾನು ಆಚೀಚೆ ನೋಡಿದೆ. ಒಗೆದ ಪಂಚೆ, ನಮ್ಮ ಮನೆತನ, ಮೀನಿನ ನೀರು, ಎಲ್ಲವೂ ಒಂದು ಗಳಿಗೆ ನನ್ನ ಕೈ ಹಿಡಿದುಕೊಂಡವು. ಆಮೇಲೆ ಬುಟ್ಟಿಗೆ ಕೈ ಕೊಟ್ಟೆ. ಅಷ್ಟು ಭಾರವನ್ನು ನಾನು ಅದುವರೆಗೆ ಎತ್ತಿಯೇ ಇರಲಿಲ್ಲ. ಇಬ್ಬರೂ ಸೇರಿ ನೆಲಕ್ಕೆ ಇಳಿಸಿದೆವು. ಆಕೆ ಕುತ್ತಿಗೆಯನ್ನು ಎರಡೂ ಕಡೆ ಮೆಲ್ಲಗೆ ತಿರುಗಿಸಿ ಕಣ್ಣು ಮುಚ್ಚಿದಳು.

"ಮೊದ್ಲ್ ಇಲ್ಲೇ ಒಂದ್ ಕಲ್ಲಿದ್ದಿತ್" ಅಂದಳು ಕಣ್ಣು ತೆರೆಯದೆ. "ಎರ್ಡ್ ಕಲ್ಲ್ ನಿಲ್ಸಿ ಮೇಲೊಂದ್ ಅಡ್ಡ ಹಾಕಿದ್. ತಲಿಯಿಂದ ಸೀದಾ ಅದ್ರ್ ಮೇಲ್ ಜಾರ್ಸೂದ್, ಯಾರ್ ಕೈಯೂ ಬ್ಯಾಡ. ಯುದ್ಧದ್ ಟೈಮಗೆ ರೋಡಿಗೆ ಜಲ್ಲಿ ಬೇಕಂದ್ಹೇಳಿ ಒಡ್ದ್ ಹಾಕ್ರ್. ಈಗ ಕಡುವಿಂದ ಪೇಟಿ ಮುಟ್ಟುವರೆಗೆ ಇಳ್ಸೂಕಿಲ್ಲೆ."

ಮತ್ತೆ ಬುಟ್ಟಿ ಎತ್ತಿಕೊಟ್ಟೆ. ಹೊರಡುವಾಗ ಆಕೆ ಹೇಳಿದ್ದು ಒಂದೇ ಮಾತು: "ಅವ್ನ್ ಹೆಸ್ರ್ ಬರೆಯೂದ್ ಬ್ಯಾಡ."

ಮುಂದಿನ ಭಾನುವಾರ ಮಧ್ಯಾಹ್ನ ಉಂಡು ಮಲಗಿದವನಿಗೆ ಒಂದು ಕನಸು ಬಿತ್ತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರು ಇಳಿದು ಮರಳು ಎಷ್ಟೋ ದೂರದವರೆಗೆ ಹೊಳೆಯುತ್ತಿದೆ. ಆ ಮರಳಿನ ಮೇಲೆ ಜನ ನಡೆದು ಬರುತ್ತಿದ್ದಾರೆ, ಸಾಲುಸಾಲಾಗಿ, ಸದ್ದಿಲ್ಲದೆ. ಒಬ್ಬನ ತಲೆಯ ಮೇಲೆ ಕೊಪ್ಪರಿಗೆ, ಒಬ್ಬನ ತಲೆಯ ಮೇಲೆ ಕಲ್ಲಿದ್ದಲಿನ ಮೂಟೆ, ಇನ್ನೊಬ್ಬ ಲಾರಿಯ ಗಾಲಿಯನ್ನೇ ಹೊತ್ತಿದ್ದಾನೆ. ಯಾರ ಮುಖದಲ್ಲೂ ದುಃಖವಿಲ್ಲ. ಇಳಿಸಲು ಜಾಗ ಹುಡುಕುವವರ ಹಾಗೆ ಆಚೀಚೆ ನೋಡುತ್ತಾ ನನ್ನನ್ನು ದಾಟಿ ಹೋಗುತ್ತಿದ್ದಾರೆ. ಕೈ ಕೊಡೋಣವೆಂದರೆ ನನ್ನ ಕೈ ಮೇಲಕ್ಕೆ ಏಳಲಿಲ್ಲ. ಎಚ್ಚರವಾದಾಗ ಗೋಡೆಯ ಮೇಲೆ ಹೊಳೆಯ ಬೆಳಕು ಅಲುಗುತ್ತಿತ್ತು. ಎದ್ದವನೇ ಹೊಸ ಹಾಳೆ ತೆಗೆದೆ.

ಈ ಸಲ ಬರೆಯಲು ಹೆಚ್ಚು ಗೆರೆಗಳು ಬೇಕಾಗಲಿಲ್ಲ. ನಿಲ್ಲಿಸಿದ ಮೂರು ಕಲ್ಲು, ಮೇಲೆ ಉದ್ದಕ್ಕೊಂದು ಚಪ್ಪಡಿ, ನಡುವಿನ ಕಲ್ಲಿನ ಮುಂಬದಿಗೆ ಹೆಸರುಗಳು. ಕೋವಿ ಇಲ್ಲ, ಸರಪಳಿ ಇಲ್ಲ. ಕಷ್ಟವಾದದ್ದು ಎತ್ತರ. ತೀರಾ ತಗ್ಗಾದರೆ ಬಗ್ಗಬೇಕು, ಎತ್ತರವಾದರೆ ಬುಟ್ಟಿ ತಾಗಿ ಮಗುಚುತ್ತದೆ. ಒಂದು ಹುರಿ ಹಿಡಿದು ಮತ್ತೆ ಕಡವಿಗೆ ಹೋದೆ. ಆ ತಾಯಿಯನ್ನೇ ನಿಲ್ಲಿಸಿ, ನೆಲದಿಂದ ತಲೆಯವರೆಗೆ ಹುರಿ ಹಿಡಿಯಲು ಕೇಳಿದೆ.

"ಎಂತ, ನಂಗೆ ಅಂಗಿ ಹೊಲ್ಸ್ತ್ರಿಯಾ?" ಎಂದು ಆಕೆ ನಕ್ಕಳು. ಜೊತೆಯ ಹೆಂಗಸರೂ ನಕ್ಕರು. ವಿಷಯ ತಿಳಿದ ಮೇಲೆ ಒಬ್ಬೊಬ್ಬರೇ ಬಂದು ಅಳತೆ ಕೊಟ್ಟರು. ಎಲ್ಲರದ್ದೂ ಬೇರೆ ಬೇರೆ. ನನಗೆ ದಿಕ್ಕು ತೋಚಲಿಲ್ಲ. ಆಗ ಒಬ್ಬ ಮುದುಕಿ, "ಇಲ್ಲ್ ನೆಲ್ವೇ ಓರೆ ಇತ್ತಲೆ. ಕಲ್ಲನ್ನ ಸಮ ಹಾಕಿ, ಗಿಡ್ಡದವ್ರ್ ಮೇಲಿನ್ ಬದಿ ನಿಲ್ತ್ರ್, ಉದ್ದದವ್ರ್ ಕೆಳ್ಗಿನ್ ಬದಿ" ಅಂದಳು. ಆ ಸ್ಮಾರಕದ ವಿನ್ಯಾಸ ಮಾಡಿದ್ದು ನಾನು ಎಂದು ಜನ ಆಮೇಲೆ ಹೇಳುತ್ತಿದ್ದರು. ಅದರ ಜೀವಾಳ ಆ ಮುದುಕಿಯದು.

ಬ್ರಹ್ಮಾವರದ ಕಲ್ಲುಕುಟಿಗ ಎಪ್ಪತ್ತು ದಾಟಿದವನು. ನಾಗನ ಕಲ್ಲು, ಬೀಸುವ ಕಲ್ಲು, ತುಳಸಿಕಟ್ಟೆ ಕಡೆದು ಕಡೆದು ಅವನ ಹುಬ್ಬೂ ಬಿಳಿ ಧೂಳಿನದೇ ಆಗಿತ್ತು. ನನ್ನ ಹಾಳೆಯನ್ನು ಒಮ್ಮೆ ನೋಡಿ ಕೆಳಗಿಟ್ಟ.

"ಇದ್ ಹೊಸ್ತ್ ಅಲ್ಲ ಮಾಷ್ಟ್ರೇ. ನನ್ನಜ್ಜ ಎಷ್ಟ್ ನಿಲ್ಸಿದ್ನೋ. ಬಸ್ರಿ ಹೆಂಗ್ಸ್ ತೀರ್ಕಂಡ್ರೆ ಅವ್ಳ್ ಹೆಸ್ರಗೆ ಇಂಥ ಕಲ್ಲ್ ನಿಲ್ಸ್ತಿದ್ರ್ ಅಂಬ್ರ್. ಹೊರೆ ಇಳ್ಸ್ದೇ ಹ್ವಾದವ್ಳ್ ಅಲ್ದಾ."

ನಾನು ಆ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಅವನು ಆಗಲೇ ಕೆಲಸದ ಮಾತಿಗೆ ಹೋಗಿದ್ದ. ಮೇಲ್ಮೈ ನುಣುಪು ಮಾಡಬಾರದು, ಬುಟ್ಟಿ ಜಾರುತ್ತದೆ. ಅಂಚು ಮಾತ್ರ ಗುಂಡಗಿರಬೇಕು, ಕೈಗೆ ಬಡಿದರೆ ತರಚಬಾರದು. ಚಪ್ಪಡಿ ಒಂದು ಕೂದಲೆಳೆಯಷ್ಟು ಹಿಂದಕ್ಕೆ ವಾಲಬೇಕು. "ಮೀನ್ ನೀರ್ ಹೆಸ್ರಿನ್ ಮೇಲ್ ಇಳೂಕಾಗ" ಅಂದ. ಕೋಡಿಯ ತಾಯಿಯ ಮಗನ ಹೆಸರು ಬರೆಯುವುದು ಬೇಡ ಎಂದಾಗ ಯಾಕೆಂದು ಕೇಳಲಿಲ್ಲ. ಆ ಜಾಗವನ್ನು ಹಾಗೇ ಬಿಡುತ್ತೇನೆ ಎಂದಷ್ಟೇ ಹೇಳಿದ.

ವಕೀಲರ ಮನೆಯಲ್ಲಿ ಸಭೆ ಸೇರಿತು. ನನ್ನ ಹಾಳೆ ನೋಡಿ ಅವರ ಮುಖ ಕೆಂಪಾಯಿತು.

"ಮೀನ್ ಬುಟ್ಟಿ ಇಡೂ ಕಲ್ಲಾ? ನಾಳೆ ಕಲೆಕ್ಟರ್ ಬಂದ್ರೆ ಎಂತ ತೋರ್ಸೂದ್? ಹುಡುಗಾಟ್ಕೆ ಮಾಡ್ತ್ರಿಯಾ?"

ಕಡವಿನ ಏರಿನಲ್ಲಿ ಅಷ್ಟು ಹರಿದ ಮಾತು ಅಲ್ಲಿ ಬರಲಿಲ್ಲ. ಮಾತಾಡಿದವರು ಬೈಂದೂರಿನ ಅಡುಗೆಯವರು. ಮಗನ ವಿಷಯ ಎಂದು ಅವರೂ ಬಂದಿದ್ದರು, ಬಾಗಿಲ ಹತ್ತಿರ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ನಂಗೆ ಕಲೆಕ್ಟರ್ ಗೊತ್ತಿಲ್ಲೆ ವಕೀಲ್ರೇ" ಅಂದರು. "ನಾನ್ ಬೈಂದೂರಿಂದ ಹೊಳಿ ದಾಟಿ ದಾಟಿ ಬಂದೆ. ಈ ಗಂಟನ್ನ ಎಲ್ಲ್ ಇಡೂದ್ ಅಂದ್ಹೇಳಿ ದಾರಿ ಉದ್ದಕ್ಕೂ ಕಂಡೆ. ಅಂಥಾ ಕಲ್ಲೊಂದಿದ್ರೆ, ನನ್ ಮಗನ್ ಹತ್ರ ಇಟ್ಟೆ ಅಂದ್ಹೇಳಿ ಆತಿತ್ತ್. ಅವ ಇದ್ದಾಗ ನನ್ ಕೈಯಿಂದ ಗಂಟ್ ತಕಂಬವ."

ವಕೀಲರು ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಕಡೆಗೆ, "ಕಿರೀಟ ಎಲ್ಲ್ ಕೂರ್ಸೂದ್, ಹಾಂಗಾರೆ?" ಎಂದು ತಮಗೆ ತಾವೇ ಎಂಬಂತೆ ಕೇಳಿದರು. "ಕಾಂಬ."

ಆ "ಕಾಂಬ", ಅಂದರೆ ನೋಡೋಣ ಎಂಬ ಮಾತು, ಒಂದು ವರ್ಷ ಎಳೆಯಿತು. ಕಲ್ಲು ಸಿದ್ಧವಾಗುವ ಹೊತ್ತಿಗೆ ದೇಶಕ್ಕೆ ಸ್ವಾತಂತ್ರ್ಯವೇ ಬಂತು. ಕಿರೀಟದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ವಕೀಲರು ಖಾದಿ ಟೊಪ್ಪಿ ಹಾಕತೊಡಗಿದರು.

ದೀಪಾವಳಿ ಕಳೆದು ಕಡಲು ಶಾಂತವಾದ ಮೇಲೆ ಕಲ್ಲುಗಳು ಬ್ರಹ್ಮಾವರದ ಬಳಿಯ ಹಂಗಾರಕಟ್ಟೆ ಬಂದರಿನಿಂದ ಹಾಯಿ ಕಟ್ಟಿದ ಮಂಜಿ ದೋಣಿಯಲ್ಲಿ ಬಂದವು. ಅಂಥ ಭಾರಕ್ಕೆ ಕಡಲೇ ದಾರಿ. ನಾನು ಕಡವಿನಲ್ಲಿ ಕಾದು ನಿಂತಿದ್ದೆ. ಬೆಳ್ಳಗಿನ ಹಾಯಿ ಅಳಿವೆಯೊಳಗೆ ತಿರುಗಿ, ನಿಂತಂತೆ ಕಂಡು, ಮತ್ತೆ ಮೆಲ್ಲಗೆ ಹತ್ತಿರ ಬಂತು. ಅಷ್ಟು ಭಾರ ಹೊತ್ತದ್ದು ಅಷ್ಟು ಹಗುರವಾಗಿ ಬರುವುದು ನೋಡಿ ನನಗೆ ನಿದ್ದೆಯಲ್ಲಿದ್ದ ಹಾಗಾಯಿತು. ಹಗ್ಗ ಕಟ್ಟಿ ಎಳೆಯಲು ಕೋಡಿಯ ಗಂಡಸರು ನಿಂತರು. ಚಪ್ಪಡಿ ಏರಿನ ಅರ್ಧದಲ್ಲಿ ಸಿಕ್ಕಿಕೊಂಡಿತು. ಹೆಂಗಸರು ಬುಟ್ಟಿ ಬದಿಗಿಟ್ಟು ಬಂದು ಕೈ ಹಾಕಿದರು. ಆ ತಾಯಿಯೂ ಹಗ್ಗ ಹಿಡಿದಿದ್ದಳು. ಮಗನ ಹೆಸರು ಬೇಡವೆಂದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರ ಜೊತೆ ಕೂಗಿ ಕೂಗಿ ಎಳೆದಳು.

ಕಲ್ಲು ನಿಂತಿತು. ವಕೀಲರು ಭಾಷಣ ಮಾಡಿ ಚಪ್ಪಡಿಯ ಮೇಲೆ ಹೂವಿನ ಮಾಲೆ ಹಾಸಿದರು. ಅದರಿಂದ ಹೊಸ ತಾಪತ್ರಯ ಶುರುವಾಯಿತು. ಮೂರು ದಿನ ಯಾರೂ ಬುಟ್ಟಿ ಇಡಲಿಲ್ಲ. ಹೆಂಗಸರು ಹೊರೆ ಹೊತ್ತೇ ಕಲ್ಲಿಗೆ ಕೈ ಮುಗಿದು ಮುಂದೆ ಹೋದರು. ನನಗೆ ಅಳು ಬರುವಂತಾಯಿತು. ನಾಲ್ಕನೇ ದಿನ ಬೆಳಿಗ್ಗೆ ಕಿಟಕಿಯಿಂದ ನೋಡುತ್ತಿದ್ದೆ. ಮಂಜಿನಲ್ಲಿ ಆ ತಾಯಿ ಬಂದಳು. ಒಂದು ಕೈಯಲ್ಲಿ ಬಾಡಿದ ಮಾಲೆ ಸರಿಸಿ, ಬುಟ್ಟಿಯನ್ನು ತಲೆಯಿಂದ ಜಾರಿಸಿ ಕಲ್ಲಿನ ಮೇಲೆ ಇಟ್ಟಳು. ಹಿಂದಿದ್ದವಳು ಏನೋ ಅಂದಿರಬೇಕು.

"ಆ ಮಕ್ಳ್ ಹೂಗ್ ಬೇಕಂದ್ಹೇಳಿ ಕೇಂಡಿದ್ವಾ?" ಎಂದು ಇವಳು ಗದರಿದ್ದು ನನ್ನ ಕಿಟಕಿಗೂ ಕೇಳಿಸಿತು. ಹಿಂದಿದ್ದವಳೂ ಬುಟ್ಟಿ ಇಳಿಸಿದಳು. ಆಮೇಲೆ ಎಲ್ಲರೂ.

ಸಾಸ್ತಾನದ ಹೆಂಗಸು ಒಂದು ದಿನ ಅಣ್ಣನ ಜೊತೆ ಬಂದಳು. ಗಂಡನ ಹೆಸರಿನ ಮೇಲೆ ಅಂಗೈ ಇಟ್ಟು, ಬಸ್ಸಿನ ಹೊತ್ತಾಗುವವರೆಗೆ ಹಾಗೇ ನಿಂತಿದ್ದಳು.

ಅದಾಗಿ ಒಂದು ಮಳೆಗಾಲ ಕಳೆದಿರಬೇಕು. ಶಿರೂರಿನ ಕಡೆಯವನೊಬ್ಬ ಕೋಡಿಗೆ ಬಂದ. ಆ ತಾಯಿಯ ಮಗನ ಜೊತೆ ಅದೇ ಹಡಗಿನಲ್ಲಿದ್ದವನು. ಬದುಕಿ ಬೊಂಬಾಯಿ ಸೇರಿದವನಿಗೆ ಇಷ್ಟು ವರ್ಷ ಅವಳ ಮುಖ ನೋಡುವ ಧೈರ್ಯ ಬಂದಿರಲಿಲ್ಲವಂತೆ. ನಡುಮಧ್ಯಾಹ್ನ ಹಡಗಿಗೆ ಹೊಡೆತ ಬಿತ್ತು, ತಾನು ಮೇಲಿದ್ದೆ, ಅವನು ಕೆಳಗೆ ಬಾಯ್ಲರ್ ಹತ್ತಿರ ಇದ್ದ, ಕೆಳಗಿನವರಿಗೆ ಮೇಲೆ ಬರಲು ಆಗಲಿಲ್ಲ ಎಂದು ಹೇಳಿದ. ಅವಳು ಕೇಳಿದ್ದು ಒಂದೇ: "ಅವ ಉಂಡಿದ್ನಾ?"

"ಉಂಡಿದ್ದ" ಎಂದನಂತೆ ಅವನು. ನಿಜವೋ, ಅವಳಿಗಾಗಿ ಹೇಳಿದನೋ, ಗೊತ್ತಿಲ್ಲ.

ಇದೆಲ್ಲ ನನಗೆ ಹೇಳಿದ್ದು ಆಕೆಯೇ. ಒಂದು ದಿನ ಶಾಲೆಯ ಜಗಲಿಯವರೆಗೆ ಬಂದು ನಿಂತಳು. ಮಕ್ಕಳು ಮೂಗು ಮುಚ್ಚಿಕೊಂಡರು. ನಾನು ಹೊರಗೆ ಬಂದೆ.

"ಮಾಷ್ಟ್ರೇ, ಇನ್ ಬರೀಲಕ್ಕ್" ಅಂದಳು. "ಕಾಗ್ದದಗೆ ಇದ್ದ್ ಹೆಸ್ರಲ್ಲ. ನಾನ್ ಕರೆಯೂ ಹೆಸ್ರ್."

ಮುದುಕ ಕಲ್ಲುಕುಟಿಗ ಮೊಮ್ಮಗನ ಕೈ ಹಿಡಿದು ಬಸ್ಸಿನಲ್ಲಿ ಬಂದ. ನಾನು ಬಿಟ್ಟ ಜಾಗದಲ್ಲಿ ಸುಣ್ಣದ ಕಡ್ಡಿಯಿಂದ ಅಕ್ಷರ ಬರೆದೆ. ಉಳಿ ಮಾತಾಡತೊಡಗಿತು. ಆಕೆ ಮಾರಲು ತಂದ ಬುಟ್ಟಿಯನ್ನು ಚಪ್ಪಡಿಯ ಕೆಳಗಿನ ನೆರಳಲ್ಲಿ ಇಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಕಲ್ಲಿನ ಪುಡಿ ಅವಳ ಮಡಿಲಿಗೆ ಹಾರಿ ಬೀಳುತ್ತಿತ್ತು. ಮುಗಿದಾಗ ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಎಷ್ಟ್ ಅಕ್ಷರ ಇದ್?"

"ಮೂರ್, ಅಮ್ಮಾ."

"ಮೂರೇಯಾ?" ಅವಳು ನನ್ನ ಮುಖ ನೋಡಿದಳು. "ಹೆತ್ತ್ ಸಾಕಿದ್ ಇಪ್ಪತ್ತೆರ್ಡ್ ವರ್ಷ. ಅಕ್ಷರ ಮೂರೇ!"

ಆಗ ಅತ್ತಳು. ನಾನು ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ. ಕಲ್ಲುಕುಟಿಗ ಉಳಿಯನ್ನು ನೆಲದ ಮೇಲಿಟ್ಟು, ತನ್ನ ಕೈಗಳನ್ನೇ ನೋಡುತ್ತಿದ್ದ. ಹೊಳೆಯಲ್ಲಿ ಭರತದ ನೀರು ಏರುತ್ತಿತ್ತು. ಅವಳು ಅಳುವಷ್ಟು ಅತ್ತು, ಸೆರಗಿನಲ್ಲಿ ಮುಖ ಒರೆಸಿ ಎದ್ದಳು. ಬುಟ್ಟಿಗೆ ಕೈ ಕೊಡಲು ನಾನೂ ಎದ್ದೆ. ಈ ಸಲ ಆಚೀಚೆ ನೋಡಲಿಲ್ಲ. ಹೊತ್ತಾಗಿತ್ತು, ಮೀನು ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು. ಪೇಟೆಯ ತಿರುವು ದಾಟಿದ ಮೇಲೂ "ಮೀನ್ ಬೇಕಾ, ಮೀನ್" ಎಂಬ ಅವಳ ಕೂಗು, ಸ್ವಲ್ಪ ಒಡೆದ ದನಿಯಲ್ಲಿ, ಒಂದೊಂದೇ ಮನೆಯ ಮುಂದೆ ನಿಂತು ಮುಂದೆ ಹೋಗುತ್ತಿದ್ದುದು ಕೇಳಿಸುತ್ತಿತ್ತು.